ಹದಿನಾಲ್ಕು ಹಾಡು, ಇಪ್ಪತ್ತೊಂಬತ್ತು ನಿಮಿಷ

1975ರ ಅಕ್ಟೋಬರ್ 30ರಂದು ನ್ಯೂಯಾರ್ಕಿನ ‘ಡೈಲಿ ನ್ಯೂಸ್’ ಪತ್ರಿಕೆಯ ಮುಖಪುಟದ ತುಂಬ ಒಂದೇ ತಲೆಬರಹ. ಅಮೆರಿಕದ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಈ ನಗರಕ್ಕೆ ‘ಸತ್ತು ಹೋಗು’ ಎಂದಿದ್ದಾರೆ ಎಂಬುದು ಅದರ ಸಾರ. ಫೋರ್ಡ್ ಆ ಮಾತನ್ನು ಆಡಿರಲಿಲ್ಲ. ಸಾಲದಲ್ಲಿ ಮುಳುಗಿದ್ದ ನ್ಯೂಯಾರ್ಕನ್ನು ದಿವಾಳಿಯಿಂದ ಪಾರುಮಾಡುವ ಯಾವ ಮಸೂದೆ ಬಂದರೂ ತಡೆಯುತ್ತೇನೆಂದು ಹಿಂದಿನ ದಿನ ಭಾಷಣದಲ್ಲಿ ಹೇಳಿದ್ದರು. ಆದರೆ ಊರಿನ ಜನರಿಗೆ ಕೇಳಿಸಿದ್ದು ಪತ್ರಿಕೆ ಬರೆದಂತೆಯೇ. ಆ ಬೇಸಿಗೆಯಲ್ಲಿ ಸಾವಿರಾರು ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ, ಪೌರಕಾರ್ಮಿಕರು ಕೆಲಸ ಕಳೆದುಕೊಂಡಿದ್ದರು. ಕಸ ಎತ್ತುವವರ ಮುಷ್ಕರದಿಂದ ಬೀದಿಗಳು ನಾರಿದ್ದವು. ಅನುಕೂಲವಿದ್ದವರು ಉಪನಗರಗಳಿಗೆ ಗುಳೆ ಹೊರಟಿದ್ದರು.

ದೇಶ ಕೈಬಿಟ್ಟ ಆ ಊರಿನಿಂದ ಆರು ತಿಂಗಳೊಳಗೆ, 1976ರ ಏಪ್ರಿಲ್ 23ರಂದು, ಒಂದು ರೆಕಾರ್ಡ್ ಹೊರಬಂತು. ಹೆಸರು ‘ರಮೋನ್ಸ್’. ನುಡಿಸಿದ ತಂಡದ ಹೆಸರೂ ಅದೇ. ಹದಿನಾಲ್ಕು ಹಾಡು, ಎಲ್ಲ ಸೇರಿ 29 ನಿಮಿಷ. ರೇಡಿಯೊ ಕೇಂದ್ರಗಳು ಅದನ್ನು ಮುಟ್ಟಲಿಲ್ಲ. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ಏರಿದ್ದು 111ನೇ ಸ್ಥಾನದವರೆಗೆ ಮಾತ್ರ. ಆದರೂ ಪಂಕ್ ರಾಕ್ ಎಂಬ ಸಂಗೀತದ ಚರಿತ್ರೆ ಬರೆಯಲು ಕುಳಿತವರು ಯಾರೂ ಅದನ್ನು ದಾಟಿ ಹೋಗಲಾರರು. ಸುಮಾರು ಐವತ್ತು ವರ್ಷಗಳ ನಂತರವೂ ಹದಿನೈದು ವರ್ಷದ ಹುಡುಗ ಹುಡುಗಿಯರು ಅದನ್ನು ಕೇಳಿ ಗಿಟಾರ್ ಕೈಗೆತ್ತಿಕೊಳ್ಳುತ್ತಾರೆ. ಮಾರುಕಟ್ಟೆ ತಿರಸ್ಕರಿಸಿದ ಒಂದು ರೆಕಾರ್ಡ್ ಇಷ್ಟು ಕಾಲ ಬದುಕಿದ್ದು ಹೇಗೆ? ಕೇಳುಗನನ್ನು ಕೂತಲ್ಲಿಂದ ಎಬ್ಬಿಸಿ, ಇದು ನಿನ್ನಿಂದಲೂ ಆಗುತ್ತದೆ ಎಂದು ನಂಬಿಸಿದ್ದರಿಂದ ಎಂಬುದು ನನ್ನ ಉತ್ತರ. ಆ ನಂಬಿಕೆ ಹುಟ್ಟಿದ ಬಗೆಯೇ ಈ ಕಥೆ.

ಫಾರೆಸ್ಟ್ ಹಿಲ್ಸ್‌ನ ನಾಲ್ವರು

ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಫಾರೆಸ್ಟ್ ಹಿಲ್ಸ್ ಎಂಬ ಮಧ್ಯಮವರ್ಗದ ಬಡಾವಣೆಯಿದೆ. ತಂಡದ ನಾಲ್ವರೂ ಹದಿಹರೆಯ ಕಳೆದದ್ದು ಅಲ್ಲಿ. ಜಾನ್ ಕಮಿಂಗ್ಸ್ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ, ಸಿಡುಕು ಸ್ವಭಾವದ ಶಿಸ್ತುಗಾರ. ಡಗ್ಲಸ್ ಕಾಲ್ವಿನ್‌ನ ತಂದೆ ಅಮೆರಿಕದ ಸೈನಿಕ, ತಾಯಿ ಜರ್ಮನಿಯವಳು. ಬಾಲ್ಯವನ್ನು ಜರ್ಮನಿಯಲ್ಲಿ ಕಳೆದು ಬಂದ ಈ ಹುಡುಗ ಬೇಗನೆ ಮಾದಕವಸ್ತುಗಳ ಹಿಡಿತಕ್ಕೆ ಸಿಕ್ಕಿದ್ದ. ಜೆಫ್ರಿ ಹೈಮನ್ ಆರೂವರೆ ಅಡಿ ಎತ್ತರದ ಯಹೂದಿ ಹುಡುಗ, ಹದಿಹರೆಯದಿಂದಲೇ ಗೀಳುರೋಗದಿಂದ ನರಳಿದವ. ತಾಮಾಶ್ ಎರ್ದೆಯಿ ಹುಟ್ಟಿದ್ದು ಬುಡಾಪೆಸ್ಟ್‌ನಲ್ಲಿ. ನಾಜಿಗಳ ನರಮೇಧದಲ್ಲಿ ಬಂಧುಗಳನ್ನು ಕಳೆದುಕೊಂಡು ಉಳಿದ ಯಹೂದಿ ದಂಪತಿಯ ಮಗ; ಬಾಲ್ಯದಲ್ಲೇ ಕುಟುಂಬದೊಡನೆ ಅಮೆರಿಕಕ್ಕೆ ಬಂದವ. ಕಮಿಂಗ್ಸ್ ಮತ್ತು ಎರ್ದೆಯಿ ಶಾಲಾದಿನಗಳಲ್ಲಿ ‘ಟ್ಯಾಂಜರೀನ್ ಪಪೆಟ್ಸ್’ ಎಂಬ ಹುಡುಗರ ಬ್ಯಾಂಡಿನಲ್ಲಿ ಜೊತೆಗಿದ್ದರು.

1974ರಲ್ಲಿ ಅವರು ತಂಡ ಕಟ್ಟಿದರು. ಬೀಟಲ್ಸ್ ತಂಡ ಹೆಸರು ಮಾಡುವ ಮೊದಲು ಪಾಲ್ ಮೆಕಾರ್ಟ್ನಿ ಕೆಲಕಾಲ ‘ಪಾಲ್ ರಮೋನ್’ ಎಂದು ಹೇಳಿಕೊಂಡಿದ್ದರೆಂದು ಓದಿದ್ದ ಕಾಲ್ವಿನ್ ಆ ಹೆಸರನ್ನು ಹೆಕ್ಕಿಕೊಂಡ. ನಾಲ್ವರೂ ಅದನ್ನೇ ಮನೆತನದ ಹೆಸರಿನಂತೆ ಇಟ್ಟುಕೊಂಡು ಜಾನಿ, ಡೀ ಡೀ, ಜೋಯಿ, ಟಾಮಿ ರಮೋನ್ ಆದರು. ಚರ್ಮದ ಜಾಕೆಟ್, ಹರಿದ ಜೀನ್ಸ್, ಕಣ್ಣಿಗೆ ಬೀಳುವ ಕೂದಲು ಎಲ್ಲರಿಗೂ ಒಂದೇ ಆಯಿತು.

ಮೊದಲು ಜೋಯಿ ಡ್ರಮ್ ಬಾರಿಸುತ್ತಿದ್ದ, ಡೀ ಡೀ ಬೇಸ್ ನುಡಿಸುತ್ತ ಹಾಡುತ್ತಿದ್ದ. ಎರಡೂ ಸರಿಹೋಗಲಿಲ್ಲ. ಆಗ ತಂಡದ ಮೇಲ್ವಿಚಾರಕನಷ್ಟೇ ಆಗಿದ್ದ ಟಾಮಿ, ಜೋಯಿಯ ವಿಚಿತ್ರ ಕಂಠವೇ ತಂಡದ ಆಸ್ತಿ ಎಂದು ಕಂಡುಕೊಂಡು ಅವನನ್ನು ಮುಂದಕ್ಕೆ ತಂದು ನಿಲ್ಲಿಸಿದ. ಹೊಸ ಡ್ರಮರ್‌ಗಾಗಿ ಹುಡುಕಾಟ ನಡೆಯಿತು. ಬಂದವರೆಲ್ಲ ತಮ್ಮ ಕೈಚಳಕ ತೋರಿಸಲು ಹೊರಟರು. ಸುಮ್ಮನೆ ನೇರವಾಗಿ ತಾಳ ಹಿಡಿಯುವವರು ಸಿಗಲಿಲ್ಲ. ಕೊನೆಗೆ, ಹಿಂದೆಂದೂ ಡ್ರಮ್ ಮುಂದೆ ಕೂರದ ಟಾಮಿಯೇ ಕೂತ. ತಂಡದ ಮುಖ್ಯ ತಿರುವು ಇದೇ ಎನ್ನಬೇಕು. ರೆಕಾರ್ಡಿಂಗ್ ಸ್ಟುಡಿಯೊ ಒಂದರಲ್ಲಿ ದುಡಿದು ಬಂದಿದ್ದ ಟಾಮಿಗೆ ಧ್ವನಿಯ ಕಟ್ಟಡ ಹೇಗೆ ನಿಲ್ಲುತ್ತದೆಂದು ಗೊತ್ತಿತ್ತು, ಯಾವುದನ್ನು ಬಿಡಬೇಕೆಂಬುದೂ ಗೊತ್ತಿತ್ತು.

ಬಿಡಬೇಕಾದದ್ದು ಬಹಳವಿತ್ತು. ಐವತ್ತರ ದಶಕದ ರಾಕ್ ಅಂಡ್ ರೋಲ್ ಎರಡು ಮೂರು ನಿಮಿಷದ ಹಾಡಾಗಿತ್ತು, ಎಳೆಯರ ಕುಣಿತವಾಗಿತ್ತು. ಎಪ್ಪತ್ತರ ದಶಕದ ನಡುವಿಗೆ ಅದು ಭಾರೀ ಉದ್ಯಮವಾಗಿ ಬೆಳೆದಿತ್ತು. ಇಂಗ್ಲೆಂಡಿನ ‘ಯೆಸ್’ ತಂಡ 1973ರಲ್ಲಿ ಎಂಬತ್ತು ನಿಮಿಷ ದಾಟುವ ಜೋಡಿ ಆಲ್ಬಂನಲ್ಲಿ ನಾಲ್ಕೇ ನಾಲ್ಕು ಹಾಡು ಇಟ್ಟಿತ್ತು. ಗಿಟಾರ್‌ನ ಏಕವ್ಯಕ್ತಿ ಪ್ರದರ್ಶನಗಳು ಉದ್ದವಾದವು, ವೇದಿಕೆಗಳು ಎತ್ತರವಾದವು, ಕ್ರೀಡಾಂಗಣದ ಕೊನೆಯ ಸಾಲಿನಲ್ಲಿ ಕೂತವನಿಗೆ ಹಾಡುಗಾರ ಚುಕ್ಕೆಯಂತೆ ಕಂಡ. ಆ ಸಂಗೀತದಲ್ಲಿ ಸಾಧನೆಯೂ ಸೌಂದರ್ಯವೂ ಇರಲಿಲ್ಲವೆಂದಲ್ಲ. ಆದರೆ ಕ್ವೀನ್ಸ್‌ನ ಕೆಲಸವಿಲ್ಲದ ಹುಡುಗನೊಬ್ಬ ಅದನ್ನು ಕೇಳಿ ನಾನೂ ಹೀಗೆ ಮಾಡಬಲ್ಲೆ ಎಂದುಕೊಳ್ಳುವ ದಾರಿ ಮುಚ್ಚಿಹೋಗಿತ್ತು.

ಬೌರಿ ಬೀದಿಯ ಉದ್ದನೆಯ ಕೋಣೆ

ಮ್ಯಾನ್‌ಹ್ಯಾಟನ್‌ನ ಬೌರಿ ಎಂಬ ಬೀದಿ ಕುಡುಕರ, ಮನೆಯಿಲ್ಲದವರ ಅಗ್ಗದ ವಸತಿಗಳಿಗೆ ಹೆಸರಾಗಿತ್ತು. 315ನೇ ನಂಬರಿನ ಕಟ್ಟಡದಲ್ಲಿ, ಅಂಥದೊಂದು ವಸತಿಯ ಕೆಳಗೆ, ಹಿಲ್ಲಿ ಕ್ರಿಸ್ಟಲ್ ಎಂಬಾತ 1973ರ ಡಿಸೆಂಬರ್‌ನಲ್ಲಿ ‘ಸಿಬಿಜಿಬಿ’ ಎಂಬ ಬಾರ್ ತೆರೆದ. ಕಂಟ್ರಿ, ಬ್ಲೂಗ್ರಾಸ್, ಬ್ಲೂಸ್ ಹಾಡಿಸಬೇಕೆಂಬುದು ಅವನ ಆಸೆ. ಆ ಮೂರರ ಮೊದಲಕ್ಷರಗಳೇ ಬಾರಿನ ಹೆಸರು. ಬಂದವರು ಬೇರೆಯವರು. 1974ರ ವಸಂತದಲ್ಲಿ ‘ಟೆಲಿವಿಷನ್’ ತಂಡ ಅಲ್ಲಿ ನುಡಿಸತೊಡಗಿತು. ಪ್ಯಾಟಿ ಸ್ಮಿತ್, ಬ್ಲಾಂಡಿ, ಟಾಕಿಂಗ್ ಹೆಡ್ಸ್ ಹಿಂದೆಯೇ ಬಂದರು. ಯಾರ ಸಂಗೀತವೂ ಇನ್ನೊಬ್ಬರಂತಿರಲಿಲ್ಲ. ಸ್ವಂತ ಹಾಡುಗಳನ್ನೇ ನುಡಿಸಬೇಕೆಂಬ ಕ್ರಿಸ್ಟಲ್‌ನ ಷರತ್ತು ಒಂದೇ ಅವರನ್ನು ಕಟ್ಟಿದ ಹಗ್ಗ. ನಗರ ದಿವಾಳಿಯಾದ ಕಾರಣಕ್ಕೇ ಬಾಡಿಗೆ ಅಗ್ಗವಾಗಿತ್ತು, ಬಾಡಿಗೆ ಅಗ್ಗವಾದ ಕಾರಣಕ್ಕೇ ಲಾಭದ ಲೆಕ್ಕವಿಡದ ಇಂಥ ಜಾಗ ಬದುಕಿತು.

ರಮೋನ್ಸ್ ಅಲ್ಲಿ ಮೊದಲು ನುಡಿಸಿದ್ದು 1974ರ ಆಗಸ್ಟ್ 16ರಂದು. ಕಾರ್ಯಕ್ರಮ ಹದಿನೇಳು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಹಾಡುಗಳ ನಡುವೆ ಮುಂದಿನದು ಯಾವುದೆಂದು ವೇದಿಕೆಯ ಮೇಲೇ ಜಗಳವಾಡುತ್ತಿದ್ದರೆಂದು ಕಂಡವರು ನೆನೆದಿದ್ದಾರೆ. ಆದರೆ ಡೀ ಡೀ ಒಂದರಿಂದ ನಾಲ್ಕರವರೆಗೆ ಕೂಗಿ ಎಣಿಸಿದೊಡನೆ ನಾಲ್ವರೂ ಒಂದೇ ಯಂತ್ರವಾಗುತ್ತಿದ್ದರು. ಜಾನಿಯ ಬಲಗೈ ಭತ್ತ ಕುಟ್ಟುವ ಒನಕೆಯಂತೆ ಮೇಲಿನಿಂದ ಕೆಳಕ್ಕೆ ಮಾತ್ರ ಬೀಳುತ್ತಿತ್ತು. ಸಾಮಾನ್ಯವಾಗಿ ಗಿಟಾರ್ ವಾದಕರು ತಂತಿಗಳನ್ನು ಕೆಳಕ್ಕೂ ಮೇಲಕ್ಕೂ ಮೀಟುತ್ತಾರೆ; ಕೈಗೆ ಅದೇ ಸುಲಭ. ಬರೀ ಕೆಳಮುಖವಾಗಿ, ಅದೂ ಆ ವೇಗದಲ್ಲಿ ಮೀಟುವುದು ತೋಳು ಸೋಲಿಸುವ ಕೆಲಸ. ಪ್ರತಿ ಹೊಡೆತಕ್ಕೂ ಸಮನಾದ ತೂಕ ಬರಲು ಅದೊಂದೇ ದಾರಿ. ರಮೋನ್ಸ್‌ಗೆ ನುಡಿಸಲು ಬರುತ್ತಿರಲಿಲ್ಲ ಎಂಬ ಮಾತು ಈಗಲೂ ಓಡಾಡುತ್ತದೆ. ಒಂದು ಸಲ ಹಾಗೆ ಅರ್ಧ ಗಂಟೆ ಮೀಟಿ ನೋಡಿದ ಯಾರೂ ಆ ಮಾತನ್ನು ಮತ್ತೆ ಆಡಲಾರರು. ಅವರಿಗೆ ಬಹಳಷ್ಟು ಬರುತ್ತಿರಲಿಲ್ಲ ಎಂಬುದು ನಿಜ. ಬಂದದ್ದನ್ನು ಮಾತ್ರ ಇನ್ನಾರೂ ಮಾಡದಷ್ಟು ನಿಷ್ಠೆಯಿಂದ ಮಾಡಿದರು.

1975ರಲ್ಲಿ ಡ್ಯಾನಿ ಫೀಲ್ಡ್ಸ್ ತಂಡವನ್ನು ಕಂಡ. ‘ಸ್ಟೂಜಸ್’ ಮತ್ತು ‘ಎಂಸಿ5’ ತಂಡಗಳಿಗೆ ರೆಕಾರ್ಡ್ ಕಂಪನಿಯ ಬಾಗಿಲು ತೆರೆಸಿದ್ದವನು ಆತನೇ. ರಮೋನ್ಸ್‌ನ ಮ್ಯಾನೇಜರ್ ಆಗಲು ಒಪ್ಪಿದಾಗ ಅವರು ಕೇಳಿದ್ದು ಹೊಸ ಡ್ರಮ್ ಸೆಟ್. ಫೀಲ್ಡ್ಸ್ ಅದಕ್ಕಾಗಿ ತನ್ನ ತಾಯಿಯ ಬಳಿ 3,000 ಡಾಲರ್ ಸಾಲ ತಂದ. ಸೈರ್ ರೆಕಾರ್ಡ್ಸ್ ಎಂಬ ಸಣ್ಣ ಕಂಪನಿಯಲ್ಲಿದ್ದ ಯುವಕ ಕ್ರೇಗ್ ಲಿಯಾನ್ ಮತ್ತು ಕಂಪನಿಯ ಒಡೆಯ ಸೀಮೋರ್ ಸ್ಟೈನ್‌ರ ಹೆಂಡತಿ ಲಿಂಡಾ ಸ್ಟೈನ್ ಇಬ್ಬರೂ ತಂಡದ ಪರ ಪಟ್ಟು ಹಿಡಿದರು. ಅಭ್ಯಾಸದ ಕೋಣೆಯೊಂದರಲ್ಲಿ ಸ್ಟೈನ್ ಅವರ ಹಾಡುಗಳನ್ನು ಕೇಳಿದರು, ಒಪ್ಪಂದವಾಯಿತು.

ಒಂದು ವಾರದ ಕೆಲಸ

ನ್ಯೂಯಾರ್ಕಿನ ಹೆಸರಾಂತ ರಂಗಮಂದಿರ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್. ಅದರ ಮೇಲಂತಸ್ತಿನಲ್ಲಿದ್ದ ಪ್ಲಾಜಾ ಸೌಂಡ್ ಸ್ಟುಡಿಯೊದಲ್ಲಿ 1976ರ ಫೆಬ್ರವರಿಯಲ್ಲಿ ಕೆಲಸ ಶುರುವಾಯಿತು. ದೊಡ್ಡ ತಂಡಗಳು ಒಂದು ಆಲ್ಬಂಗಾಗಿ ತಿಂಗಳುಗಟ್ಟಲೆ ಸ್ಟುಡಿಯೊದಲ್ಲಿ ಬಿಡಾರ ಹೂಡುತ್ತಿದ್ದ ಕಾಲ ಅದು. ರಮೋನ್ಸ್ ವಾದ್ಯಗಳನ್ನು ಮೂರು ದಿನದಲ್ಲಿ, ಹಾಡಿಕೆಯನ್ನು ನಾಲ್ಕು ದಿನದಲ್ಲಿ ಮುಗಿಸಿದರು. ಒಟ್ಟು ಖರ್ಚು 6,400 ಡಾಲರ್.

ಆತುರದ ಕೆಲಸವೆಂದು ಇದನ್ನು ತಿಳಿದರೆ ತಪ್ಪು. ನಿರ್ಮಾಪಕ ಲಿಯಾನ್ ಮತ್ತು ಸಹನಿರ್ಮಾಪಕನಾಗಿ ಹೆಸರು ಹಾಕಿಸಿಕೊಂಡ ಟಾಮಿ ಇಬ್ಬರೂ ಬೀಟಲ್ಸ್‌ನ ಆರಂಭದ ಸ್ಟೀರಿಯೊ ರೆಕಾರ್ಡ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಅದರಂತೆ ಬೇಸ್ ಒಂದು ಬದಿಗೆ, ಗಿಟಾರ್ ಇನ್ನೊಂದು ಬದಿಗೆ, ಕಂಠ ಮತ್ತು ಡ್ರಮ್ ನಡುವೆ. ಒಂದು ಕಡೆಯ ಧ್ವನಿಯನ್ನು ಅಡಗಿಸಿದರೆ ಬೇಸ್ ಬೇರೆಯಾಗಿ, ಗಿಟಾರ್ ಬೇರೆಯಾಗಿ ಕೇಳುತ್ತದೆ. ಈ ಜೋಡಣೆ ಮುಂದೆ ಎಣಿಸಲಾಗದ ಹುಡುಗರಿಗೆ ಪಾಠಶಾಲೆಯಾಯಿತು. ಒಂದು ಸ್ಪೀಕರ್ ಮುಚ್ಚಿ, ಇನ್ನೊಂದರ ಜೊತೆ ತಾವು ನುಡಿಸುತ್ತ ಅವರು ವಾದ್ಯ ಕಲಿತರು. ಗುರುವಿಲ್ಲದವರಿಗೆ ಆ ರೆಕಾರ್ಡೇ ಗುರು.

ಹಾಡುಗಳ ಒಳಗೆ ಏನಿತ್ತು? ಜೋಯಿ ತನ್ನ ಬಡಾವಣೆಯ ಸಿರಿವಂತ ಮನೆಗಳ ಹಟಮಾರಿ ಮಕ್ಕಳನ್ನು ಕಂಡು ಒಂದು ಹಾಡು ಬರೆದ. ಭಯಾನಕ ಸಿನಿಮಾವೊಂದರಿಂದ ಹುಟ್ಟಿದ ಇನ್ನೊಂದು ಹಾಡು ಗರಗಸದ ಸದ್ದಿನಿಂದ ಶುರುವಾಗುತ್ತದೆ. ‘ಮ್ಯಾಡ್’ ಪತ್ರಿಕೆಯ ಬೇಹುಗಾರರ ವ್ಯಂಗ್ಯಚಿತ್ರಮಾಲೆ ಮತ್ತೊಂದಕ್ಕೆ ಪ್ರೇರಣೆ. ಟಾಮಿ ಬರೆದ ಪ್ರೇಮಗೀತೆಯಲ್ಲಿ ಅರವತ್ತರ ದಶಕದ ಹೆಣ್ಣುಮಕ್ಕಳ ಗಾಯನತಂಡಗಳ ನೆನಪು ತುಂಬಿದೆ. ಹದಿನಾಲ್ಕರಲ್ಲಿ ಬೇರೆಯವರದು ಒಂದೇ, ಕ್ರಿಸ್ ಮಾಂಟೆಜ್ ಹಾಡಿದ್ದ ‘ಲೆಟ್ಸ್ ಡ್ಯಾನ್ಸ್’. ಅದಕ್ಕೆ ಲಿಯಾನ್ ರೇಡಿಯೊ ಸಿಟಿಯ ಬೃಹತ್ ಪೈಪ್ ಆರ್ಗನ್ ನುಡಿಸಿದ್ದಾನೆ. ಮೊದಲ ಹಾಡು ‘ಬ್ಲಿಟ್ಜ್‌ಕ್ರೀಗ್ ಬಾಪ್’ ಬಹುಪಾಲು ಟಾಮಿಯದು. ಸ್ಕಾಟ್ಲೆಂಡಿನ ‘ಬೇ ಸಿಟಿ ರೋಲರ್ಸ್’ ತಂಡದ ಜನಪ್ರಿಯ ಹಾಡಿನಲ್ಲಿದ್ದಂಥ ಸಾಮೂಹಿಕ ಘೋಷ ತಮ್ಮಲ್ಲೂ ಇರಬೇಕೆಂದು ಅವನು ಬಯಸಿದ್ದ.

ಇವುಗಳ ನಡುವೆ ಒಂದು ಹಾಡು ಎದೆ ಹಿಂಡುತ್ತದೆ. ‘ಫಿಫ್ಟಿಥರ್ಡ್ ಅಂಡ್ ಥರ್ಡ್’ ಡೀ ಡೀ ಬರೆದದ್ದು. ಮ್ಯಾನ್‌ಹ್ಯಾಟನ್‌ನಲ್ಲಿ ಯುವಕರು ಮೈ ಮಾರಿಕೊಳ್ಳಲು ನಿಲ್ಲುತ್ತಿದ್ದ ಬೀದಿಮೂಲೆಯ ಹೆಸರು ಅದು. ಯಾರೂ ಆರಿಸಿಕೊಳ್ಳದೆ ಅಲ್ಲಿ ನಿಂತವನ ಅವಮಾನ ಮತ್ತು ಅದರಿಂದ ಹುಟ್ಟುವ ಹಿಂಸೆ ಎರಡೂ ಆ ಹಾಡಿನಲ್ಲಿವೆ. ರಮೋನ್ಸ್ ಬರೀ ಮೋಜಿನ ತಂಡವೆನ್ನುವವರು ಈ ಹಾಡನ್ನು ಮತ್ತೊಮ್ಮೆ ಕೇಳಬೇಕು. ಮೂರ್ನಾಲ್ಕು ಸ್ವರಗುಚ್ಛಗಳ (ಕಾರ್ಡ್) ಸರಳ ಚೌಕಟ್ಟು ತಮಾಷೆಗೆ ಒದಗಿದಂತೆ ಗಾಯಕ್ಕೂ ಒದಗಿದೆ. ಆಲ್ಬಂ ಇಂದಿಗೂ ಹಳಸದಿರಲು ಇದೊಂದು ದೊಡ್ಡ ಕಾರಣ.

ಮುಖಪುಟಕ್ಕೆಂದು ಕಂಪನಿ ತೆಗೆಸಿದ ಚಿತ್ರಗಳು ಯಾರಿಗೂ ಹಿಡಿಸಲಿಲ್ಲ. ಕೊನೆಗೆ ‘ಪಂಕ್’ ಎಂಬ ಪುಟ್ಟ ಪತ್ರಿಕೆಗಾಗಿ ರಾಬರ್ಟಾ ಬೇಲಿ ತೆಗೆದಿದ್ದ ಕಪ್ಪುಬಿಳುಪು ಚಿತ್ರವೊಂದನ್ನು 125 ಡಾಲರಿಗೆ ಕೊಂಡರು. ಇಟ್ಟಿಗೆ ಗೋಡೆಗೆ ಒರಗಿ ನಿಂತ ನಾಲ್ವರು, ಯಾರ ಮುಖದಲ್ಲೂ ಮೆಚ್ಚಿಸುವ ನಗೆಯಿಲ್ಲ. ಮುಂದಿನ ದಶಕಗಳಲ್ಲಿ ಗೋಡೆಯ ಮುಂದೆ ಸಾಲಾಗಿ ನಿಂತ ಬ್ಯಾಂಡ್‌ಗಳ ಚಿತ್ರಗಳೆಲ್ಲ ಈ ಒಂದು ಚಿತ್ರದ ಮೊಮ್ಮಕ್ಕಳು.

ಲಂಡನ್ನಿನ ಎರಡು ರಾತ್ರಿ

ರೆಕಾರ್ಡ್ ಬಂದಾಗ ‘ವಿಲೇಜ್ ವಾಯ್ಸ್’ ಪತ್ರಿಕೆಯ ರಾಬರ್ಟ್ ಕ್ರಿಸ್ಟ್‌ಗೌ ಅವರಂಥ ವಿಮರ್ಶಕರು ಮೆಚ್ಚಿ ಬರೆದರು. ಅಮೆರಿಕ ಕಿವಿಗೊಡಲಿಲ್ಲ. ಅದು ‘ಫ್ರಾಂಪ್ಟನ್ ಕಮ್ಸ್ ಅಲೈವ್’ ಎಂಬ ಆಲ್ಬಂ ಲಕ್ಷಲಕ್ಷ ಮಾರಾಟವಾಗುತ್ತಿದ್ದ ವರ್ಷ. ರೆಕಾರ್ಡಿನ ವಿಧಿ ಬದಲಾದದ್ದು ಅಟ್ಲಾಂಟಿಕ್‌ನ ಆಚೆ ದಡದಲ್ಲಿ.

1976ರ ಜುಲೈ 4. ಅಮೆರಿಕ ತನ್ನ ಸ್ವಾತಂತ್ರ್ಯದ ಇನ್ನೂರನೆಯ ವರ್ಷವನ್ನು ಆಚರಿಸುತ್ತಿದ್ದ ದಿನವೇ ರಮೋನ್ಸ್ ಲಂಡನ್ನಿನ ರೌಂಡ್‌ಹೌಸ್ ಸಭಾಂಗಣದಲ್ಲಿ ನುಡಿಸಿದರು. ಸಿಬಿಜಿಬಿಯ ಸಣ್ಣ ಗುಂಪಿಗೆ ಒಗ್ಗಿದ್ದವರ ಎದುರು ಇಲ್ಲಿ ಎರಡು ಸಾವಿರ ಜನ. ಆ ರಾತ್ರಿ ಇಂಗ್ಲಿಷ್ ಪಂಕ್‌ನ ಎಲ್ಲ ನಾಯಕರೂ ಅಲ್ಲಿದ್ದರೆಂಬ ಕಥೆ ಬೆಳೆದುಬಿಟ್ಟಿದೆ. ವಾಸ್ತವವಾಗಿ ಅದೇ ರಾತ್ರಿ ‘ಸೆಕ್ಸ್ ಪಿಸ್ಟಲ್ಸ್’ ಮತ್ತು ‘ಕ್ಲ್ಯಾಶ್’ ತಂಡಗಳು ಶೆಫೀಲ್ಡ್‌ನಲ್ಲಿದ್ದವು. ಕ್ಲ್ಯಾಶ್‌ಗೆ ಅದು ಮೊಟ್ಟಮೊದಲ ಕಾರ್ಯಕ್ರಮ. ಮಾರನೆಯ ದಿನ ಲಂಡನ್ನಿನ ಡಿಂಗ್‌ವಾಲ್ಸ್ ಕ್ಲಬ್‌ನಲ್ಲಿ ರಮೋನ್ಸ್ ಮತ್ತೆ ನುಡಿಸಿದಾಗ ಅವರು ಬಂದರು, ಭೇಟಿಯಾಯಿತು. ತಮಗಿನ್ನೂ ಚೆನ್ನಾಗಿ ನುಡಿಸಲು ಬರುವುದಿಲ್ಲವೆಂದು ಅಳುಕುತ್ತಿದ್ದ ಕ್ಲ್ಯಾಶ್‌ನವರಿಗೆ, ಅದಕ್ಕಾಗಿ ಕಾಯುತ್ತ ಕೂರಬೇಡಿ, ವೇದಿಕೆ ಹತ್ತಿ ಎಂದು ಜಾನಿ ಧೈರ್ಯ ತುಂಬಿದ ಪ್ರಸಂಗ ಆ ಕಾಲದವರ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಜುಲೈ 6ರಂದು ‘ಡ್ಯಾಮ್ಡ್’ ತಂಡ ತನ್ನ ಮೊದಲ ಕಾರ್ಯಕ್ರಮ ಕೊಟ್ಟಿತು. ಅದೇ ತಿಂಗಳು ಮಾರ್ಕ್ ಪೆರ್ರಿ ಎಂಬ ಬ್ಯಾಂಕ್ ಗುಮಾಸ್ತ ರಮೋನ್ಸ್ ಹಾಡೊಂದರ ಹೆಸರನ್ನೇ ಎತ್ತಿಕೊಂಡು ‘ಸ್ನಿಫಿನ್ ಗ್ಲೂ’ ಎಂಬ ಪತ್ರಿಕೆ ಹೊರಡಿಸಿದ. ಮನೆಯಲ್ಲೇ ಟೈಪು ಮಾಡಿ, ನಕಲು ತೆಗೆದು, ಪಿನ್ನು ಹೊಡೆದು ಹಂಚಿದ ಹಾಳೆಗಳು. ಅದನ್ನು ನೋಡಿ ಊರೂರಲ್ಲಿ ಅಂಥ ಪತ್ರಿಕೆಗಳು ಹುಟ್ಟಿದವು. ಹಾಡು ಕೇಳಿದವನು ಹಾಡುಗಾರನಾದಂತೆ, ಓದುಗನು ಸಂಪಾದಕನಾದ.

ಮುಂದಿನ ಹದಿನೈದು ತಿಂಗಳಲ್ಲಿ ಕಟ್ಟೆಯೊಡೆಯಿತು. 1977ರ ಫೆಬ್ರವರಿಯಲ್ಲಿ ಡ್ಯಾಮ್ಡ್, ಏಪ್ರಿಲ್‌ನಲ್ಲಿ ಕ್ಲ್ಯಾಶ್, ಅಕ್ಟೋಬರ್‌ನಲ್ಲಿ ಸೆಕ್ಸ್ ಪಿಸ್ಟಲ್ಸ್ ತಮ್ಮ ಚೊಚ್ಚಲ ಆಲ್ಬಂಗಳನ್ನು ತಂದರು. ಅವುಗಳ ದನಿ ರಮೋನ್ಸ್‌ನದಕ್ಕಿಂತ ಬೇರೆ. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಸಾಲಕ್ಕೆ ಕೈಯೊಡ್ಡಿದ್ದ ಬ್ರಿಟನ್, ಶಾಲೆ ಮುಗಿಸಿ ನೇರವಾಗಿ ನಿರುದ್ಯೋಗ ಭತ್ಯೆಯ ಸಾಲಿಗೆ ನಿಲ್ಲುವ ಯುವಜನ, ವರ್ಗಭೇದದ ಕಹಿ, ಇವೆಲ್ಲ ಅಲ್ಲಿನ ಹಾಡಿಗೆ ರಾಜಕೀಯದ ಕಾವು ಕೊಟ್ಟವು.

ವಿದ್ವಾಂಸರ ತಕರಾರುಗಳು

ಪಂಕ್ ಹುಟ್ಟಿದ್ದು ನ್ಯೂಯಾರ್ಕಿನಲ್ಲೋ ಲಂಡನ್ನಿನಲ್ಲೋ ಎಂಬ ಜಗಳ ಹಳೆಯದು. ಲೆಗ್ಸ್ ಮೆಕ್‌ನೀಲ್ ಮತ್ತು ಜಿಲಿಯನ್ ಮೆಕೇನ್ 1996ರಲ್ಲಿ ಪ್ರಕಟಿಸಿದ ಮೌಖಿಕ ಇತಿಹಾಸ ನ್ಯೂಯಾರ್ಕಿನ ಕಡೆಗಿದೆ. ಜಾನ್ ಸ್ಯಾವೇಜ್ 1991ರಲ್ಲಿ ಬರೆದ ದೊಡ್ಡ ಗ್ರಂಥ ಲಂಡನ್ನಿನ ಕಥೆಯನ್ನು ಅದರದೇ ಸಾಮಾಜಿಕ ಬೇರುಗಳಿಂದ ಬಿಡಿಸುತ್ತದೆ. ಪಿಸ್ಟಲ್ಸ್ 1975ರ ನವೆಂಬರ್‌ನಲ್ಲೇ ವೇದಿಕೆ ಹತ್ತಿದ್ದರು, ಆದ್ದರಿಂದ ಅವರನ್ನು ರಮೋನ್ಸ್‌ನ ಕೂಸು ಎನ್ನಲಾಗದು. ಆದರೆ ಅವರ ಮ್ಯಾನೇಜರ್ ಮಾಲ್ಕಮ್ ಮೆಕ್‌ಲಾರೆನ್ ಅದಕ್ಕೆ ಮೊದಲು ನ್ಯೂಯಾರ್ಕಿನಲ್ಲಿದ್ದು, ಅಲ್ಲಿನ ಹರಿದ ಬಟ್ಟೆಯ ಶೈಲಿಯನ್ನು ಕಂಡು ಬಂದಿದ್ದರೆಂಬುದೂ ನಿಜ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ‘ಸೇಂಟ್ಸ್’ ಎಂಬ ತಂಡ ಯಾರನ್ನೂ ನೋಡದೆ ಹೆಚ್ಚುಕಡಿಮೆ ಇದೇ ವೇಗದ ಸಂಗೀತಕ್ಕೆ ತಲುಪಿತ್ತು; ಅದರ ಮೊದಲ ಹಾಡು 1976ರ ಸೆಪ್ಟೆಂಬರ್‌ನಲ್ಲಿ ಬಂತು. ಬೇಸರ ಎಲ್ಲ ಕಡೆಯೂ ಕುದಿಯುತ್ತಿತ್ತು. ಆ ಬೇಸರವನ್ನು ಮೊದಲು ಒಂದು ಇಡೀ ಆಲ್ಬಂನ ಸ್ಪಷ್ಟ ರೂಪಕ್ಕೆ ತಂದು, ಇನ್ನೊಬ್ಬರು ಅಭ್ಯಾಸ ಮಾಡಬಹುದಾದ ಮಾದರಿಯಾಗಿ ಕೈಗಿಟ್ಟದ್ದು ರಮೋನ್ಸ್. ಈ ಮಟ್ಟಿಗೆ ಎರಡೂ ಪಕ್ಷದವರು ಒಪ್ಪುತ್ತಾರೆ.

ಎರಡನೆಯ ತಕರಾರು ಹೆಚ್ಚು ನೋಯಿಸುವಂಥದ್ದು. ಆಲ್ಬಂನ ಒಂದೆರಡು ಹಾಡುಗಳಲ್ಲಿ ನಾಜಿ ಜರ್ಮನಿಯ ಸೈನಿಕ ಚಿತ್ರಗಳು ಸುಳಿಯುತ್ತವೆ. ಕೊನೆಯ ಹಾಡಿನ ಮೂಲ ಸಾಲೊಂದಕ್ಕೆ, ತಾವೂ ಯಹೂದಿಯಾಗಿದ್ದ ಸೀಮೋರ್ ಸ್ಟೈನ್ ಒಪ್ಪದ ಕಾರಣ ತಂಡ ಅದನ್ನು ಬದಲಾಯಿಸಿತು. ತಂಡದ ಇಬ್ಬರು ಯಹೂದಿಗಳು, ಒಬ್ಬನ ಬಂಧುಗಳು ಆ ನರಮೇಧದಲ್ಲೇ ಸತ್ತವರು ಎಂಬುದನ್ನು ನೆನೆದರೆ ಇದು ದ್ವೇಷದ ಹಾಡಲ್ಲ, ಬಾಲ್ಯದ ಭೂತಗಳನ್ನು ಗೇಲಿಮಾಡಿ ಓಡಿಸುವ ಯತ್ನ ಎನ್ನುವವರಿದ್ದಾರೆ. ಗೇಲಿ ಕೇಳುಗನಿಗೆ ಗೇಲಿಯಾಗಿಯೇ ತಲುಪುತ್ತದೆಂಬ ಖಾತರಿ ಏನು ಎಂದು ಕೇಳುವವರೂ ಇದ್ದಾರೆ. ವಿಮರ್ಶಕ ಲೆಸ್ಟರ್ ಬ್ಯಾಂಗ್ಸ್ 1979ರಲ್ಲಿ ‘ವಿಲೇಜ್ ವಾಯ್ಸ್’ನಲ್ಲಿ ಬರೆದ ಲೇಖನದಲ್ಲಿ ಸಿಬಿಜಿಬಿ ವಲಯದ ಜನಾಂಗೀಯ ಅಸಡ್ಡೆಯನ್ನು ಹೆಸರಿಟ್ಟು ಖಂಡಿಸಿದರು. ಆಲ್ಬಂ ಪ್ರೀತಿಸುವವರು ಈ ಪ್ರಶ್ನೆಯನ್ನು ಬದಿಗೆ ಸರಿಸಬಾರದು. ಅದರ ಜೊತೆಗೇ ಇನ್ನೊಂದು ಸಂಗತಿಯನ್ನೂ ಇಟ್ಟು ನೋಡಬೇಕು. ವಾಷಿಂಗ್ಟನ್‌ನ ನಾಲ್ವರು ಕಪ್ಪು ಯುವಕರು ರಮೋನ್ಸ್ ಹಾಡೊಂದರ ಹೆಸರಿನಿಂದ ತಮ್ಮ ತಂಡಕ್ಕೆ ‘ಬ್ಯಾಡ್ ಬ್ರೇನ್ಸ್’ ಎಂದು ಹೆಸರಿಟ್ಟು, ಆ ವೇಗವನ್ನು ಮತ್ತಷ್ಟು ಏರಿಸಿ, ಹಾರ್ಡ್‌ಕೋರ್ ಎಂಬ ಮುಂದಿನ ಘಟ್ಟವನ್ನೇ ತೆರೆದರು. ರೆಕಾರ್ಡಿನ ಬಾಗಿಲು ಅದನ್ನು ಮಾಡಿದವರು ಊಹಿಸಿದ್ದಕ್ಕಿಂತ ಅಗಲವಾಗಿತ್ತು.

ಫಲ ಕಾಣದ ದುಡಿಮೆ

ಹಾದಿ ತೋರಿದವರಿಗೆ ಹಾದಿಯ ಲಾಭ ಸಿಗಲಿಲ್ಲ. ಟಾಮಿ 1978ರಲ್ಲಿ ಡ್ರಮ್ ಬಿಟ್ಟ. 1980ರಲ್ಲಿ ಹೆಸರಾಂತ ನಿರ್ಮಾಪಕ ಫಿಲ್ ಸ್ಪೆಕ್ಟರ್ ಜೊತೆ ಮಾಡಿದ ಆಲ್ಬಂ 44ನೇ ಸ್ಥಾನಕ್ಕೆ ಏರಿತು, ಅದೇ ಅವರ ಗರಿಷ್ಠ ಎತ್ತರ. ಜೋಯಿಯ ಗೆಳತಿಯಾಗಿದ್ದವಳು ಜಾನಿಯ ಸಂಗಾತಿಯಾದ ಮೇಲೆ ಇಬ್ಬರ ನಡುವೆ ಮಾತು ನಿಂತಿತು. ರಾಜಕೀಯದಲ್ಲೂ ಒಬ್ಬ ಬಲ, ಒಬ್ಬ ಎಡ. ಆದರೂ ಒಂದೇ ವ್ಯಾನಿನಲ್ಲಿ ಕೂತು ವರ್ಷಗಟ್ಟಲೆ ಊರೂರು ಸುತ್ತಿದರು. 1996ರ ಆಗಸ್ಟ್ 6ರಂದು ಹಾಲಿವುಡ್‌ನಲ್ಲಿ ಮುಗಿಸುವ ಹೊತ್ತಿಗೆ 2,263 ಕಾರ್ಯಕ್ರಮ ಕೊಟ್ಟಿದ್ದರು. ಅದೇ ವರ್ಷ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ರಿವರ್ ಪ್ಲೇಟ್ ಫುಟ್‌ಬಾಲ್ ಮೈದಾನ ಅವರಿಗಾಗಿ ಕಿಕ್ಕಿರಿದಿತ್ತು. ತವರಿನಲ್ಲಿ ಸಣ್ಣ ಸಭಾಂಗಣಗಳಿಗೆ ಸೀಮಿತರಾದವರನ್ನು ದಕ್ಷಿಣ ಅಮೆರಿಕ ಹೆಗಲ ಮೇಲೆ ಹೊತ್ತಿತು. ಸರ್ವಾಧಿಕಾರದಿಂದ ಹೊರಬಂದಿದ್ದ ಅರ್ಜೆಂಟೀನಾದ ಯುವಕರಿಗೆ ಆ ಸದ್ದಿನಲ್ಲಿ ಬಿಡುಗಡೆ ಕೇಳಿಸಿರಬೇಕು.

2001ರ ಏಪ್ರಿಲ್ 15ರಂದು ಜೋಯಿ ಕ್ಯಾನ್ಸರಿನಿಂದ ತೀರಿಕೊಂಡ. 2002ರ ಮಾರ್ಚ್‌ನಲ್ಲಿ ತಂಡ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿತು. ಮೂರು ತಿಂಗಳೊಳಗೆ ಡೀ ಡೀ ಮಾದಕವಸ್ತುವಿಗೆ ಬಲಿಯಾದ. 2004ರ ಸೆಪ್ಟೆಂಬರ್‌ನಲ್ಲಿ ಜಾನಿಯನ್ನೂ ಕ್ಯಾನ್ಸರ್ ಒಯ್ದಿತು. ಸಿಬಿಜಿಬಿ 2006ರ ಅಕ್ಟೋಬರ್ 15ರಂದು ಪ್ಯಾಟಿ ಸ್ಮಿತ್ ಹಾಡಿಕೆಯೊಡನೆ ಬಾಗಿಲು ಹಾಕಿತು, ಆ ಜಾಗಕ್ಕೆ ದುಬಾರಿ ಬಟ್ಟೆಯಂಗಡಿ ಬಂತು. ಅಗ್ಗದ ಬಾಡಿಗೆಯಿಂದ ಹುಟ್ಟಿದ ಸಂಗೀತದ ಮನೆಯನ್ನು ಏರಿದ ಬಾಡಿಗೆ ಮುಗಿಸಿತು. 2014ರ ಏಪ್ರಿಲ್‌ನಲ್ಲಿ, ಬಿಡುಗಡೆಯಾಗಿ 38 ವರ್ಷಗಳ ಮೇಲೆ, ಅಮೆರಿಕದಲ್ಲಿ ಐದು ಲಕ್ಷ ಪ್ರತಿಗಳ ಲೆಕ್ಕ ತಲುಪಿ ಆ ಮೊದಲ ಆಲ್ಬಂಗೆ ಚಿನ್ನದ ಮನ್ನಣೆ ದೊರೆಯಿತು. ಆಗ ಬದುಕಿದ್ದವನು ಟಾಮಿ ಒಬ್ಬನೇ. ಜುಲೈ 11ರಂದು ಅವನೂ ಹೋದ.

ಉಳಿದದ್ದು

ಹಾಗಾದರೆ ಉಳಿದದ್ದೇನು? ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಆಲ್ಬಮನ್ನು ರಾಷ್ಟ್ರೀಯ ಧ್ವನಿ ಸಂಗ್ರಹಕ್ಕೆ ಸೇರಿಸಿಕೊಂಡಿದೆ. ಬೌರಿ ಮತ್ತು ಎರಡನೇ ಬೀದಿ ಕೂಡುವ ಮೂಲೆಗೆ 2003ರಿಂದ ಜೋಯಿಯ ಹೆಸರಿದೆ. ತಂಡದ ಗೆಳೆಯ ಆರ್ತುರೊ ವೇಗಾ ಬಿಡಿಸಿದ ಹದ್ದಿನ ಲಾಂಛನ, ಒಂದು ಹಾಡನ್ನೂ ಕೇಳದವರ ಅಂಗಿಯ ಮೇಲೂ ಕಾಣುತ್ತದೆ. ಇವೆಲ್ಲ ಗೌರವದ ಗುರುತುಗಳು, ಇವುಗಳಿಂದ ಯಾವ ಸಂಗೀತವೂ ಬದುಕುವುದಿಲ್ಲ.

ನಿಜವಾದ ಬಾಳಿಕೆ ಬೇರೆ ಕಡೆಯಿದೆ. ಜಪಾನಿನ ಒಸಾಕದಲ್ಲಿ 1981ರಲ್ಲಿ ‘ಶೋನೆನ್ ನೈಫ್’ ಎಂಬ ತಂಡ ಕಟ್ಟಿದ ಯುವತಿಯರು ಅದರಲ್ಲಿದ್ದಾರೆ. ಮೂವತ್ತು ವರ್ಷದ ಮೇಲೆ ಅವರು ಇಡೀ ಆಲ್ಬಂ ತುಂಬ ರಮೋನ್ಸ್ ಹಾಡುಗಳನ್ನೇ ಹಾಡಿ ಋಣ ತೀರಿಸಿದರು. ‘ಬ್ಲ್ಯಾಕ್ ಫ್ಲ್ಯಾಗ್’ ಕಟ್ಟಿದ ಕ್ಯಾಲಿಫೋರ್ನಿಯಾದ ಗ್ರೆಗ್ ಗಿನ್ ಅದರಲ್ಲಿದ್ದಾನೆ. ಜೋಯಿಯ ಹೆಸರಿನಲ್ಲೇ ಹಾಡು ಬರೆದ ಡಬ್ಲಿನ್‌ನ ‘ಯು2’ ಅದರಲ್ಲಿದೆ. ಹೆಸರು ಯಾರಿಗೂ ತಿಳಿಯದ, ಒಂದೆರಡು ಕಾರ್ಯಕ್ರಮ ಕೊಟ್ಟು ಚದುರಿಹೋದ ಸಾವಿರಾರು ಬ್ಯಾಂಡ್‌ಗಳೂ ಅದರಲ್ಲಿವೆ. ಅವರೆಲ್ಲ ರಮೋನ್ಸ್‌ನಂತೆ ನುಡಿಸಲಿಲ್ಲ. ಪೂರ್ತಿ ಕಲಿತ ಮೇಲೆ ಶುರುಮಾಡೋಣ ಎಂದು ಮುಂದೂಡುವ ಭಯವನ್ನು ಅವರು ಆ ರೆಕಾರ್ಡ್ ಕೇಳಿ ಬಿಟ್ಟರು.

ಕಲೆ ಹಲವು ಸಲ ಎತ್ತರದ ಮಾದರಿಗಳಿಂದ ಬೆಳೆಯುತ್ತದೆ. ಅಂಥ ಮಾದರಿಗಳನ್ನು ನೋಡಿ ತಲೆಬಾಗುತ್ತೇವೆ, ಕೆಲವೊಮ್ಮೆ ಕುಗ್ಗುತ್ತೇವೆ. ಇನ್ನೊಂದು ಬಗೆಯ ಮಾದರಿ ನಮ್ಮ ಎತ್ತರಕ್ಕೇ ಬಂದು ನಿಂತು, ನಿನ್ನಲ್ಲಿರುವಷ್ಟರಿಂದಲೇ ಶುರುಮಾಡು, ಆದರೆ ಅಷ್ಟನ್ನು ಪೂರ್ತಿ ಕೊಡು ಎನ್ನುತ್ತದೆ. ಈ ಮಾತಿನ ಎರಡನೇ ಅರ್ಧವನ್ನು ಮರೆತವರು ರಮೋನ್ಸ್‌ನ ಸರಳತೆಯನ್ನು ಸೋಮಾರಿತನವೆಂದು ಓದಿದರು. ಅದನ್ನು ಮರೆಯದವರು ಆ 29 ನಿಮಿಷಗಳಿಂದ ತಮ್ಮ ತಮ್ಮ ಸಂಗೀತ ಕಟ್ಟಿದರು, ಪತ್ರಿಕೆ ತಂದರು, ಸಣ್ಣ ರೆಕಾರ್ಡ್ ಕಂಪನಿಗಳನ್ನು ನಡೆಸಿದರು. ಇರುವ ಅಲ್ಪದಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುವ ಧೈರ್ಯ ಪ್ರತಿ ಪೀಳಿಗೆಗೂ ಹೊಸದಾಗಿ ಬೇಕಾಗುತ್ತದೆ. ಅದು ಬೇಕಾಗಿರುವವರೆಗೆ ಈ ಆಲ್ಬಂಗೆ ಹೊಸ ಕೇಳುಗರು ಸಿಗುತ್ತಲೇ ಇರುತ್ತಾರೆ.